ಆನಿಬಾಲ್‌ಗೆ ಬಿಟ್ಟ ಜಾಗ

ಡಾಕ್ಟರ್ ಗ್ರಾಸಿಯೆಲಾ ಧ್ವನಿಮುದ್ರಣ ನಿಲ್ಲಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಹೇಳಿದ ಕನಸು ಅಲ್ಲಿ ಬೆಟ್ಟಸಾಲಿನ ಹಾಗೆ ಏರಿಳಿದಿತ್ತು. ನಡುನಡುವೆ ಚಪ್ಪಟೆ ಗೆರೆಗಳು.

"ಇವು ನೀನು ಸುಮ್ಮನಿದ್ದ ಜಾಗಗಳು, ಲೂಸ್ ಡಾರಿ. ಮುಂದೆ ಕಾಯಿಲೆ ಬಿದ್ದ ಕೆಲವರ ಮಾತಲ್ಲಿ ಇಂಥವು ಜಾಸ್ತಿ ಇದ್ವು. ಇನ್ನೂ ಸಂಶೋಧನೆ ನಡೀತಿದೆ, ಇದೇ ಖಚಿತ ಅಂತ ಹೇಳೋಕಾಗಲ್ಲ."

ನನ್ನ ಅಣ್ಣ ಆನಿಬಾಲ್‌ಗೆ ಸ್ಕಿಜೋಫ್ರೇನಿಯಾ. ಅವನಿಗೆ ಅದು ಶುರುವಾದದ್ದು ನನ್ನ ಈಗಿನ ವಯಸ್ಸಿನಲ್ಲೇ. ರೋಗಿಗಳ ಒಡಹುಟ್ಟಿದವರಲ್ಲಿ ಕಾಯಿಲೆಯನ್ನು ಮೊದಲೇ ಗುರುತಿಸಿ ತಡೆಯಲಾದೀತೇ ಎಂದು ಮನಿಸಾಲೆಸ್ ನಗರದಲ್ಲಿ ನಡೆಯುತ್ತಿದ್ದ ಅಧ್ಯಯನಕ್ಕೆ ಸೇರಲು ನಾನೇ ಹೆಸರು ಕೊಟ್ಟಿದ್ದೆ.

"ಮುಂದಿನ ಸಲವೂ ಹೀಗೇ ಬಂದ್ರೆ ಗುಳಿಗೆ ಪ್ರಯೋಗಕ್ಕೆ ಸೇರಿಸೋಣ. ನಿನಗೆ ಒಪ್ಪಿಗೆ ಇದ್ರೆ ಮಾತ್ರ," ಎಂದರು.

ಮನೆಗೆ ಮರಳುವಾಗ ಕೇಬಲ್ ಕಾರಿನ ಕಿಟಕಿಗೆ ಮಂಜು ಅಂಟಿಕೊಂಡಿತ್ತು. ಕೋಳಿ ಹಿಡಿದುಕೊಂಡ ಹೆಂಗಸೊಬ್ಬಳು, "ಆ ಕಡೆ ಸರೀತೀಯೇನಮ್ಮ?" ಎಂದಳು. ನಾನು ಉತ್ತರಿಸುವಷ್ಟರಲ್ಲಿ ಅವಳು ಕೋಳಿಗೆ, "ಪಾಪ, ಕಿವಿ ಕೇಳಲ್ಲ ಕಣೇ ಇವಳಿಗೆ," ಎಂದು ಹೇಳಿಯಾಗಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮೌನವನ್ನು ಬಿಡಬೇಕೆಂದು ತೀರ್ಮಾನಿಸಿದೆ.

ಭಾನುವಾರ ಊಟವಾದ ಮೇಲೆ ತಟ್ಟೆ ಎತ್ತದೆ ಮೇಜಿನ ಸುತ್ತ ಕೂತು ಮಾತಾಡುವುದು ನಮ್ಮಲ್ಲಿ ಊಟದಷ್ಟೇ ಮುಖ್ಯ. ಅಮ್ಮ ಬಿಸಿ ಬೆಲ್ಲದ ನೀರು ತಂದಿಟ್ಟು, "ಕಾಲೇಜು ಹೇಗಿದೆ?" ಎಂದಳು. ನಾನು ತಕ್ಷಣ ಶುರು ಮಾಡಿದೆ: ಮೇಷ್ಟರು, ಬಸ್ಸು, ಕುಸಿದ ರಸ್ತೆ, ಒಂದರ ಬಾಲಕ್ಕೆ ಇನ್ನೊಂದು.

"ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರೇನೇ?" ಎಂದಳು ಅಮ್ಮ.

"ಅಮ್ಮ, ಹುರುಳಿಕಾಯಿ ಜೊತೆ ಇವಳಿಗೆ ರೇಡಿಯೋನೂ ಬಡಿಸಿದ್ಯಾ?" ಎಂದ ಆನಿಬಾಲ್. ನಾನು ನಕ್ಕು ಮುಂದುವರಿಸಿದೆ. ಅವನು ಎರಡು ಸಲ ಬಾಯಿ ತೆರೆದ, ಮುಚ್ಚಿದ. ಆಮೇಲೆ ಕುರ್ಚಿ ಹಿಂದೆ ತಳ್ಳಿ ಹಿತ್ತಲಿಗೆ ಹೋದ.

ಅಮ್ಮ ನನ್ನನ್ನು ನೋಡಿದಳು.

ಆಗ ಹೊಳೆಯಿತು. ತನಗೆ ಕೇಳಿಸುವ ದನಿಗಳನ್ನು ಅವನು 'ಮೇಲಿನ ಮನೆಯವರು' ಎನ್ನುತ್ತಾನೆ. ನಮ್ಮ ಮನೆಯ ಮೇಲೆ ಇರುವುದು ತಗಡು ಮಾತ್ರ. ನಾವು ಏನಾದರೂ ಹೇಳಿದರೆ ಅವರೂ ಏನಾದರೂ ಹೇಳುತ್ತಾರೆ. ಅವರದು ಮುಗಿದ ಮೇಲೇ ಅವನಿಗೆ ನಮ್ಮ ಮಾತು ತಲುಪುವುದು. ಹಾಗಾಗಿ ನಮ್ಮ ಮೇಜಿನಲ್ಲಿ ಪ್ರತಿ ಮಾತಾದ ಮೇಲೆ ಒಂದಿಷ್ಟು ಜಾಗ ಬಿಡುತ್ತೇವೆ. ಹೀಗೆ ಮಾಡೋಣವೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ನಾನು ದೊಡ್ಡವಳಾದದ್ದೇ ಆ ಜಾಗದೊಳಗೆ.

ಅಥವಾ ಇದು ನನ್ನನ್ನು ನಾನು ಸಮಾಧಾನಪಡಿಸಿಕೊಳ್ಳುವ ಬಗೆಯೋ?

ಲೋಟ ಹಿಡಿದು ಹಿತ್ತಲಿಗೆ ಹೋಗಿ ಅವನ ಪಕ್ಕ ಕೂತೆ. ಕಾದೆ.

"ಈಗ ಹೇಳು. ಅವರದ್ದು ಮುಗೀತು," ಎಂದ.

ಎಲ್ಲವನ್ನೂ ಹೇಳಿದೆ. ಅವನು ಬೆಲ್ಲದ ನೀರು ಕುಡಿದು ಮುಗಿಸಿದ.

"ನನ್ ಗುಳಿಗೆಗೆ ನಿದ್ದೆ ಬರುತ್ತೆ, ಹೊಟ್ಟೆ ಬರುತ್ತೆ. ಅದಿಲ್ದಿದ್ರೆ ನಿನ್ ಜೊತೆ ಹೀಗೆ ಕೂರೋಕೂ ಆಗ್ತಿರ್ಲಿಲ್ಲ. ಬೇಕಾದ್ರೆ ತಗೋ. ಆದ್ರೆ ನನ್ನಿಂದ ತಡೆದು ಮಾತಾಡೋದು ಕಲ್ತಿದ್ದಕ್ಕೆ ತಗೋಬೇಡ ಕಣೇ."

ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಹೋದೆ. "ಮೊದಲು ಇವರ ಮಾತು ಅಳೀರಿ ಡಾಕ್ಟರ್," ಎಂದೆ. ಸತ್ತುಹೋದ ತನ್ನ ಹೇಸರಗತ್ತೆ ಅಡುಗೆಮನೆಗೆ ಬಂದ ಕನಸನ್ನು ಅಮ್ಮ ನಿಧಾನವಾಗಿ ಹೇಳಿದಳು. ಪರದೆಯ ಮೇಲಿನ ಚಪ್ಪಟೆ ಗೆರೆಗಳು ನನ್ನವಕ್ಕಿಂತ ಉದ್ದವಾಗಿದ್ದವು.

"ನಿಮ್ಮನೇಲಿ ಎಲ್ಲರೂ ಹೀಗೇನಾ?"

ಅಮ್ಮ ತಡೆದು, "ಮಗನಿಗೆ ಜಾಗ ಬಿಡ್ತೀವಿ ಡಾಕ್ಟ್ರೇ," ಎಂದಳು.

ಗ್ರಾಸಿಯೆಲಾ ಕನ್ನಡಕ ತೆಗೆದಿಟ್ಟರು. "ಇದನ್ನ ನಾವು ಕೇಳೇ ಇರಲಿಲ್ಲ. ಬರೀ ಈ ಗೆರೆ ನೋಡಿ ಗುಳಿಗೆ ಕೊಡಲ್ಲ. ಹಾಗಂತ ನಿನಗೆ ಏನೂ ಬರಲ್ಲ ಅಂತಾನೂ ಹೇಳಲಾರೆ. ಬರ್ತಾ ಇರು. ನಿದ್ದೆ ಕೆಟ್ರೆ, ಏನಾದ್ರೂ ಕೇಳಿಸಿದ್ರೆ, ಅವತ್ತೇ ಬಾ."

ತಲೆಯಾಡಿಸಿದೆ.

"ಹೆದರಿಕೆ ಇದೆಯಾ?"

ನಾನು ತಡೆದೆ. ಈ ಸಲ ಅವರು ಪರದೆ ನೋಡಲಿಲ್ಲ. ಕಾದರು.

"ಇದೆ," ಎಂದೆ.