ಕ್ರೇನಿನವಳ ಬುತ್ತಿ

ಹೆಂಡತಿಯ ಕೆಲಸದ ಪ್ಯಾಂಟಿನ ಸೊಂಟವನ್ನು ಒಂದೇ ಬೇಸಿಗೆಯಲ್ಲಿ ಎರಡನೇ ಸಲ ಒಳಕ್ಕೆ ಹಿಡಿಯುವಾಗ ದರ್ಜಿ ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತು ಕಡಿಮೆ. ಮನೆಗೆ ಬೇಕಾದ ಮಾತನ್ನೆಲ್ಲ ಅವನ ತಾಯಿಯೇ ಗುತ್ತಿಗೆ ಹಿಡಿದಿದ್ದರು.

ಹೆಂಡತಿ ಟವರ್ ಕ್ರೇನ್ ಓಡಿಸುತ್ತಿದ್ದಳು. ಏಳುತ್ತಿರುವ ಕಟ್ಟಡದ ಪಕ್ಕದಲ್ಲಿ ಕಬ್ಬಿಣದ ಏಣಿ ಹತ್ತುತ್ತ ಹೋದರೆ ತುದಿಯಲ್ಲೊಂದು ಗಾಜಿನ ಗೂಡು. ಅದರಲ್ಲಿ ಒಂದು ಕುರ್ಚಿ, ಎರಡು ಕೈಗೆ ಎರಡು ಹಿಡಿ, ಪಾದದ ಕೆಳಗೂ ಗಾಜು. ವರ್ಷಗಟ್ಟಲೆ ಕೆಳಗೆ ಕಂಬಿ ಕಟ್ಟಿ, ಪರೀಕ್ಷೆ ಪಾಸು ಮಾಡಿ, ಅವಳು ಆ ಕುರ್ಚಿ ಸಂಪಾದಿಸಿದ್ದಳು. ಅಲ್ಲಿ ಕೂತಾಗ ಊರಿನ ಸದ್ದೆಲ್ಲ ಹತ್ತಿ ಸುತ್ತಿಟ್ಟ ಹಾಗೆ ಕೇಳಿಸುತ್ತದೆ ಎಂದು ಒಮ್ಮೆ ಹೇಳಿದ್ದಳು. ಆ ಒಂದು ಮಾತನ್ನು ಅವನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಗೋಧಿ ಅವಳಿಗೆ ಆಗಿಬರುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಬ್ರೆಡ್ಡು, ಬಿಸ್ಕತ್ತು ಎಲ್ಲ ನಿಂತವು. ಹೊಟ್ಟೆನೋವು ಹೋಯಿತು, ಆದರೆ ಇಳಿದ ತೂಕ ಮರಳಲಿಲ್ಲ. ಮಳೆಗಾಲಕ್ಕೆ ಮುಂಚೆ ಕಂಪನಿಯವರ ತಪಾಸಣೆ ಇತ್ತು. ಅಷ್ಟರಲ್ಲಿ ಮೈಗೆ ತೂಕ ಹತ್ತದಿದ್ದರೆ, ಮೇಲೆ ತಲೆ ಸುತ್ತಿ ಬಿದ್ದಾಳೆಂದು ಅವಳನ್ನು ಕೆಳಗಿಳಿಸಿ, ಉಗ್ರಾಣದಲ್ಲಿ ಹೆಲ್ಮೆಟ್ ಹಂಚಲು ಕೂರಿಸುತ್ತಾರೆ. ಇದನ್ನು ಅವಳು ಊಟದ ನಡುವೆ, ಉಪ್ಪು ಕೇಳುವ ದನಿಯಲ್ಲಿ ಹೇಳಿದಳು.

ಮರುದಿನದಿಂದ ಬುತ್ತಿಯ ಕೆಲಸ ದರ್ಜಿಯದಾಯಿತು. ಕ್ರೇನಿನವರು ಊಟಕ್ಕೂ ಕೆಳಗಿಳಿಯುವ ರೂಢಿಯಿರಲಿಲ್ಲ. ಗೂಡಿನಲ್ಲಿ ಫ್ರಿಜ್ ಇಲ್ಲ, ಬಿಸಿ ಮಾಡಲು ಏನೂ ಇಲ್ಲ. ಬಿಸಿಲು ಮಾತ್ರ ಬೇಕಾದಷ್ಟು. ಅವನು ಮಹಡಿಯ ಮೇಲೆ ಹಳೇ ಕಿಟಕಿಯ ಗಾಜನ್ನು ಒಂದು ಪೆಟ್ಟಿಗೆಯ ಮೇಲೆ ಮುಚ್ಚಿ, ಒಳಗೆ ಊಟದ ಡಬ್ಬಿ ಇಟ್ಟು, ಮಧ್ಯಾಹ್ನ ತೆಗೆದು ಮೂಸಿ ನೋಡತೊಡಗಿದ. ಕಲಸಿದ ಅನ್ನ ಹಳಸಿತು. ಬೇಯಿಸಿದ ಆಲೂಗೆಡ್ಡೆ ಅಂಟಂಟಾಯಿತು. ಮೊಟ್ಟೆಯ ಡಬ್ಬಿ ತೆರೆದಾಗ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಹಳಸದೆ ಉಳಿದದ್ದನ್ನು ರುಚಿ ನೋಡಲು ತಾಯಿಯನ್ನು ಕರೆದರೆ, ಮನೆಯಲ್ಲಿ ಇಲಿ ಸಿಗಲಿಲ್ಲವೆಂದು ತನ್ನನ್ನು ಹಿಡಿದಿದ್ದಾನೆ ಎಂದು ಗೊಣಗುತ್ತಲೇ ಡಬ್ಬಿ ಖಾಲಿ ಮಾಡಿದರು.

ಕೊನೆಗೆ ಅವನಿಗೊಂದು ದಾರಿ ಹೊಳೆಯಿತು. ಅಷ್ಟು ಸೆಕೆಯಲ್ಲಿ ಕೂರುವವಳಿಗೆ ತಂಪು ಬೇಕು. ಸಿಪ್ಪೆ ತೆಗೆಯದ ಎಳೆ ಸೌತೆಕಾಯಿ, ಕಲ್ಲಂಗಡಿ ಹೋಳು, ಕಿತ್ತಳೆ. ತೂಕಕ್ಕೆಂದು ಹುರಿದ ಕಡಲೆ, ಶೇಂಗಾ, ಸುಟ್ಟ ಗೆಣಸು, ಒಣ ಬಾಣಲೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಬಿಲ್ಲೆ. ಜೊತೆಗೆ ದೊಡ್ಡದೊಂದು ಬಾಟಲಿ ನೀರು. ಕೋಟಿನ ಒಳಪದರದ ಬಟ್ಟೆಯಲ್ಲಿ ಹತ್ತಿ ತುಂಬಿ, ಬಿಸಿಲು ತಾಗದ ಚೀಲವೊಂದನ್ನು ಹೊಲಿದ. ಸಂಜೆ ಡಬ್ಬಿ ತೊಳೆದು ಖಾಲಿಯಾಗಿ ಬರುತ್ತಿತ್ತು. ಚೆನ್ನಾಗಿತ್ತು ಎನ್ನುತ್ತಿದ್ದಳು. ಆದರೆ ತೂಕದ ಯಂತ್ರದ ಮುಳ್ಳು ಹಟ ಹಿಡಿದು ಅಲ್ಲೇ ಇತ್ತು. ಅವನು ಶೇಂಗಾ ಹೆಚ್ಚಿಸಿದ. ಮುಳ್ಳು ಅಲುಗಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಸಿಗ್ನಲ್ ಎಂಬವನು ದರ್ಜಿಯ ಅಂಗಡಿಗೆ ಬಂದ. ಕ್ರೇನಿನ ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ಎತ್ತು, ಇಳಿಸು ಎಂದು ಹೇಳುವ ಕೆಲಸ ಅವನದು. ಸೈಟಿನವರೆಲ್ಲ ಅವನನ್ನು ಸಿಗ್ನಲ್ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಎರಡು ಪ್ಯಾಂಟು.

"ಸೊಂಟ ಸ್ವಲ್ಪ ಬಿಡ್ಬೇಕಿತ್ತು ಅಣ್ಣಾ," ಎಂದ. "ತಪ್ಪು ನಿಮ್ದೇ. ಅತ್ತಿಗೆ ದಿನಾ ಮೇಲೆ ಹತ್ತೋ ಮುಂಚೆ ಬುತ್ತಿ ನನ್ನ ಕೈಗೆ ಕೊಟ್ಬಿಡ್ತಾರೆ. ಆ ಗೆಣಸು, ಆ ಶೇಂಗಾ. ಬಿಡೋಕೆ ಆಗುತ್ತಾ ಹೇಳಿ."

ದರ್ಜಿಯ ಟೇಪು ಸಿಗ್ನಲ್‌ನ ಹೊಟ್ಟೆಯ ಸುತ್ತ ಇತ್ತು. ಅದನ್ನು ಅವನು ತನಗರಿವಿಲ್ಲದೆ ಎಳೆಯುತ್ತ ಹೋದ. ಬಿಗಿಯಾಯಿತು ಅಣ್ಣಾ ಎಂದು ಸಿಗ್ನಲ್ ನೆನಪಿಸಬೇಕಾಯಿತು.

ದರ್ಜಿ ಹೆಂಡತಿಯನ್ನು ಕೇಳಲಿಲ್ಲ. ಕೇಳಿದರೆ ಅವಳು ಚೆನ್ನಾಗಿತ್ತು ಎನ್ನುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ರುಚಿ ಹಿಡಿಸದೆ, ಹೇಳಿದರೆ ತನಗೆ ನೋವಾದೀತೆಂದು ಮುಚ್ಚಿಟ್ಟಳೇ? ಹೊಲಿಗೆ ಯಂತ್ರ ತುಳಿಯುತ್ತ ಇದನ್ನೇ ಯೋಚಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಸುಮ್ಮನಿದ್ದು ಇದ್ದು, ನಡುವೆ ಈ ಸುಮ್ಮನಿರುವಿಕೆಯೇ ಮನೆಯ ಇನ್ನೊಂದು ಜೀವದ ಹಾಗೆ ಬೆಳೆದು ಕೂತಿತ್ತು. ಅದಕ್ಕೆ ಯಾರೂ ಊಟ ಹಾಕಬೇಕಾಗಿರಲಿಲ್ಲ, ಆದರೂ ದಪ್ಪವಾಗುತ್ತಿತ್ತು.

ಎರಡು ದಿನ ಅವನ ಮುಖ ನೋಡಿದ ತಾಯಿ ಬಾಯಿ ಬಿಡಿಸಿದರು. ಅವನು ಹೇಳಿದ್ದೆಲ್ಲ ಕೇಳಿ, ಸೊಸೆ ಕೆಲಸದಿಂದ ಬಂದು ಕೈಕಾಲು ತೊಳೆಯುವುದನ್ನೇ ಕಾದು, ಬಾಗಿಲಲ್ಲಿಯೇ ನಿಲ್ಲಿಸಿ ಕೇಳಿದರು.

"ಅಲ್ಲಮ್ಮಾ, ಆ ಗೂಡಲ್ಲಿ ಕಕ್ಕಸು ಎಲ್ಲಿದೆ?"

ಅವಳು ಮಿಕಮಿಕ ನೋಡಿದಳು. "ಇಲ್ಲ ಅತ್ತೆ."

"ಹಂಗಾದ್ರೆ ಈ ಮಹಾಶಯ ಕಳಿಸೋ ಕಲ್ಲಂಗಡಿ, ಸೌತೆಕಾಯಿ, ಕೊಡದಷ್ಟು ನೀರು, ಇಷ್ಟನ್ನೂ ಹೊಟ್ಟೆಗೆ ಹಾಕ್ಕೊಂಡು ನೀನು ಎಲ್ಲಿಗೆ ಹೋಗ್ಬೇಕು?"

ಅವಳಿಗೆ ನಗು ಬಂತು. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ದರ್ಜಿ ನೋಡಿರಲಿಲ್ಲ. ತನ್ನನ್ನು ನೋಡಿಯೇ ನಗುತ್ತಿದ್ದಾಳೆಂದು ಗೊತ್ತಿದ್ದರೂ ಅವನಿಗೆ ಹಗುರಾಯಿತು.

ನಗು ಇಳಿದ ಮೇಲೆ ಅವಳೇ ಬಿಡಿಸಿ ಹೇಳಿದಳು. ಕಡಲೆ, ಗೆಣಸು ಏನೇ ತಿಂದರೂ ನೀರು ಬೇಕು. ನೀರು ಕುಡಿದರೆ ಇಳಿಯಬೇಕು. ಇಳಿದು ಹತ್ತುವಷ್ಟರಲ್ಲಿ ಕೆಳಗೆ ಎಲ್ಲರ ಕೆಲಸ ನಿಂತು, ಇಡೀ ಸೈಟು ಕತ್ತೆತ್ತಿ ನೋಡುತ್ತದೆ. ಅಲ್ಲಿ ಮೇಲೆ ಹತ್ತುವ ಹೆಂಗಸು ಅವಳೊಬ್ಬಳೇ. ಅದಕ್ಕೇ ಬೆಳಿಗ್ಗೆಯಿಂದ ಸಂಜೆವರೆಗೆ ಎರಡು ಗುಟುಕು ನೀರು, ಅಷ್ಟೇ. ಹಿಂದಿನ ಗಂಡಸು ಡ್ರೈವರುಗಳು ಏನು ಮಾಡುತ್ತಿದ್ದರೆಂದು ಅತ್ತೆ ವಿಚಾರಿಸಿದರು. ಅವರಿಗೆ ಖಾಲಿ ಬಾಟಲಿ ಸಾಕು ಎಂದು ಸೊಸೆ ಹೇಳಿದಳು. ಅತ್ತೆ ಸ್ವಲ್ಪ ಯೋಚಿಸಿ, ಹೌದು, ಅವರ ಪುಣ್ಯ ಎಂದರು.

"ನೀವು ಅಷ್ಟು ಆಸೆಯಿಂದ ಮಾಡ್ತಿದ್ರಿ," ಎಂದು ಅವಳು ಗಂಡನಿಗೆ ಹೇಳಿದಳು. "ಹೇಗ್ರೀ ಹೇಳೋದು?"

ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದವನ ಹಾಗೆ ಅವನು ತಲೆ ಕೆರೆದುಕೊಂಡ. ನೀರು ಕಡಿಮೆ ಇರುವ ತಿಂಡಿ ಕಟ್ಟಿಕೊಡುವುದು ಸುಲಭ, ಆದರೆ ಆ ಸೆಕೆಯಲ್ಲಿ ನೀರಿಲ್ಲದೆ ಕೂತರೆ ತಲೆ ಸುತ್ತಿ ಬೀಳಲು ತಪಾಸಣೆಯವರೆಗೂ ಕಾಯಬೇಕಿಲ್ಲ. ಊಟ ಮುಗಿಸಿ ತಟ್ಟೆ ಎತ್ತುವಾಗ ಹೇಳಿದ.

"ನಾಳೆಯಿಂದಲೂ ಬುತ್ತಿ ಸಿಗ್ನಲ್ ಕೈಗೇ ಕೊಡು. ತಿನ್ನೋಕಲ್ಲ, ಇಟ್ಕೊಳ್ಳೋಕೆ. ಎಲ್ಲರ ಬುತ್ತಿ ಕೆಳಗಿದ್ದ ಹಾಗೆ ನಿಂದೂ ಕೆಳಗಿರಲಿ. ಹಸಿವಾದ್ರೆ ಯಾರಾದ್ರೂ ಇಳೀಲೇಬೇಕಲ್ಲ. ಇಳಿದ ಮೇಲೆ ಉಳಿದದ್ದೂ ಆಗುತ್ತೆ."

ಅವಳು ಅವನನ್ನೇ ನೋಡಿದಳು. ಬೆಳಿಗ್ಗೆ ದೊಡ್ಡ ಬಾಟಲಿಯನ್ನು ತಾನೇ ತುಂಬಿ, ಚೀಲದ ಜೊತೆ ತೆಗೆದುಕೊಂಡು ಹೋದಳು.

ಆ ಮಧ್ಯಾಹ್ನ ಏನಾಯಿತೆಂದು ಸಿಗ್ನಲ್ ಪ್ಯಾಂಟು ಒಯ್ಯಲು ಬಂದಾಗ ವರದಿ ಒಪ್ಪಿಸಿದ. ಊಟದ ಹೊತ್ತಿಗೆ ವಾಕಿಟಾಕಿಯಲ್ಲಿ ಅವಳ ದನಿ ಬಂತಂತೆ: ನನ್ನ ಬುತ್ತಿ ಕೆಳಗಿದೆ, ಇಳೀತಿದ್ದೀನಿ. ಇಂಜಿನಿಯರು, ಕಾಂಕ್ರೀಟು ಕಾಯುತ್ತದೆಯೇ ಎಂದು ಕೇಳಿದರಂತೆ. ಹೊಟ್ಟೆಯೂ ಕಾಯೋದಿಲ್ಲ ಸಾರ್ ಎಂದಳಂತೆ. ಅವರು ಗಡಿಯಾರ ನೋಡಿಕೊಂಡು ಆಗಲಿ ಎಂದರಂತೆ. ಅವಳು ಇಳಿಯುವಾಗ ಮೇಲೆ ನೋಡುವವರೇ ಇರಲಿಲ್ಲ. ಎಲ್ಲರ ಕಣ್ಣೂ ಅವರವರ ಡಬ್ಬಿಯಲ್ಲಿತ್ತು. ಕೈ ತೊಳೆದು ಬಂದು, ಮರಳಿನ ಚೀಲದ ಮೇಲೆ ಕೂತು, ಕೊನೆಯ ಶೇಂಗಾದವರೆಗೆ ತಿಂದಳು. ಒಂದು ಹೋಳು ಗೆಣಸು ಬೇಕೇ ಎಂದೂ ತನ್ನನ್ನು ಕೇಳಲಿಲ್ಲವೆಂದು ಸಿಗ್ನಲ್ ನೊಂದುಕೊಂಡ. ದರ್ಜಿ ಪಾಪವೆಂದುಕೊಂಡು ಮರುದಿನದಿಂದ ಅವನಿಗೊಂದು ಸಣ್ಣ ಡಬ್ಬಿ ಬೇರೆ ಕಟ್ಟಿದ, ಶೇಂಗಾ ಮಾತ್ರ ಕಡಿಮೆ ಹಾಕಿ.

ತಪಾಸಣೆಯ ದಿನ ಅವಳು ಎಂದಿಗಿಂತ ತಡವಾಗಿ ಬಂದಳು. ಚಪ್ಪಲಿ ಬಿಟ್ಟು, ಮುಖ ತೊಳೆದು, ಅಡುಗೆಮನೆಯ ಮಣೆಯ ಮೇಲೆ ಕೂತಳು. ಅತ್ತೆ ಎದುರಿಗೇ ಬಂದು ಕೂತರು. ದರ್ಜಿ ಕಡಲೆ ಆರಿಸುತ್ತಿದ್ದ, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದ.

"ಹೆಲ್ಮೆಟ್ ಹಂಚೋಕೆ ಬೇರೆ ಯಾರನ್ನಾದ್ರೂ ನೋಡ್ಕೋತಾರಂತೆ," ಎಂದಳು ಅವಳು.

ಅತ್ತೆ ಎಷ್ಟು ತೂಕ, ಯಾರು ನೋಡಿದರು, ಏನಂದರು ಎಂದು ಶುರುಮಾಡಿದರು. ಅವಳು ಒಂದೊಂದಕ್ಕೂ ಉತ್ತರ ಹೇಳಿದಳು, ಕೇಳದೇ ಇದ್ದದ್ದನ್ನೂ ಹೇಳಿದಳು. ಡಾಕ್ಟರು ಏನು ತಿನ್ನುತ್ತೀರೆಂದು ಕೇಳಿದ್ದಕ್ಕೆ ಗೆಣಸಿನಿಂದ ಹಿಡಿದು ಎಲ್ಲ ವಿವರಿಸಿದ್ದನ್ನು, ಅವರು ತಮ್ಮ ಬುತ್ತಿ ತೆರೆದು ತೋರಿಸಿ ನಿಟ್ಟುಸಿರು ಬಿಟ್ಟದ್ದನ್ನು ಹೇಳುತ್ತ ಹೇಳುತ್ತ ಗಂಡನ ಮುಂದಿದ್ದ ಮೊರವನ್ನು ತನ್ನ ಕಡೆ ಎಳೆದುಕೊಂಡು ತಾನೂ ಕಡಲೆ ಆರಿಸತೊಡಗಿದಳು. ಅವನು ಮೊರದ ಇನ್ನೊಂದು ಅಂಚು ಹಿಡಿದುಕೊಂಡು ಕೇಳುತ್ತ ಕೂತ.