ಈ ರೊಟ್ಟಿ ಯಾಕೆ ಬೇರೆ

ಅಪ್ಪನ ಶಾಲೆಗೆ ಮತ್ತೆ ಹೋಗುತ್ತೇನೆ ಎಂದು ಅನಿಕಾ ಹೇಳಿದ್ದು ಜನವರಿಯ ಒಂದು ಸಂಜೆ, ಊಟದ ತಟ್ಟೆಗಳನ್ನು ಎತ್ತಿಡುತ್ತ. ಹೇಳಿದ್ದು ಸ್ವೀಡಿಷ್‌ನಲ್ಲಿ. ಈಗೀಗ ಅವಳು ಏನು ಹೇಳಿದರೂ ಸ್ವೀಡಿಷ್‌ನಲ್ಲೇ. ಶೋಭನಾಗೆ ತಕ್ಷಣ ಹೊಳೆಯಲಿಲ್ಲ.

"ಯಾವ ಸ್ಕೂಲು ಪುಟ್ಟಿ?"

"ಭಾನುವಾರ ಪಪ್ಪಾ ಜೊತೆ ಹೋಗ್ತಿದ್ನಲ್ಲ, ಅದು."

ಶೋಭನಾ ಕೈಯಲ್ಲಿದ್ದ ಬಟ್ಟಲನ್ನು ಸಿಂಕಿನಲ್ಲಿಟ್ಟು ಮಗಳ ಕಡೆ ತಿರುಗಿದಳು. ಗಂಡ ಯೋಯೆಲ್ ತೀರಿಕೊಂಡು ಎರಡು ವರ್ಷ ತುಂಬುತ್ತ ಬಂದಿತ್ತು. ಈ ಎರಡು ವರ್ಷದಲ್ಲಿ ಅನಿಕಾ ಆ ಶಾಲೆಯ ಹೆಸರೆತ್ತಿರಲಿಲ್ಲ, ಇವಳೂ ಕೇಳಿರಲಿಲ್ಲ. ಅದು ಅಪ್ಪ ಮಗಳ ಲೋಕವಾಗಿತ್ತು. ಗೋಥೆನ್‌ಬರ್ಗ್‌ನಲ್ಲೇ ಹುಟ್ಟಿ ಬೆಳೆದ ಯಹೂದಿ ಯೋಯೆಲ್‌ಗೆ ದೇವರ ಮೇಲೆ ಹೇಳಿಕೊಳ್ಳುವಂಥ ಭಕ್ತಿಯೇನೂ ಇರಲಿಲ್ಲ. ಆದರೂ ಮಗಳಿಗೆ ಏಳು ತುಂಬಿದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಅವಳ ಕೈ ಹಿಡಿದು ಸಿನಗಾಗ್ ಎಂಬ ತಮ್ಮ ಪ್ರಾರ್ಥನಾಮಂದಿರಕ್ಕೆ ಹೊರಡುತ್ತಿದ್ದ. ತಾನು ಓದಿದ ಕೋಣೆಯಲ್ಲೇ ಅವಳೂ ನಾಲ್ಕಕ್ಷರ ಕಲಿಯಲಿ ಎಂಬ ಆಸೆ. ಪಾಠ ಮುಗಿಯುವವರೆಗೂ ಅಲ್ಲೇ ಇದ್ದು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದನಂತೆ. ಆ ಹೊತ್ತಿಗೆ ಶೋಭನಾ ಕಟ್ಟಡದ ಲಾಂಡ್ರಿ ಕೋಣೆಯಲ್ಲಿ ವಾರದ ಬಟ್ಟೆ ಒಗೆಯಲು ಹಾಕಿ, ಮನೆಗೆ ಬಂದು ಒಬ್ಬಳೇ ಕಾಫಿ ಕುಡಿಯುತ್ತ ತುಮಕೂರಿನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅವಳಿಗೂ ಆ ಏಕಾಂತ ಬೇಕಿತ್ತು.

"ಹೋಗೋಣ ಬಿಡು," ಎಂದಳು. "ಈ ಭಾನುವಾರಾನೇ ಹೋಗೋಣ."

ಸಿನಗಾಗಿನ ಗೇಟಿನಲ್ಲಿ ಕಾವಲಿನವನು ಹೆಸರು ಕೇಳಿದ, ಯಾರನ್ನು ನೋಡಬೇಕೆಂದು ಕೇಳಿದ, ಚೀಲ ತೆರೆಸಿ ನೋಡಿದ. ಒಂದು ಬಾಗಿಲು ಮುಚ್ಚಿಕೊಂಡ ಮೇಲೆಯೇ ಇನ್ನೊಂದು ತೆರೆಯಿತು. ಪುಟ್ಟ ಮಕ್ಕಳ ಪಾಠಕ್ಕೆ ಇಷ್ಟು ಕಾವಲೇ ಎಂದು ಶೋಭನಾಗೆ ಎದೆ ಭಾರವಾಯಿತು. ಅನಿಕಾ ಮಾತ್ರ ಅಜ್ಜಿಯ ಮನೆಗೆ ಬಂದವಳ ಹಾಗೆ ನೇರ ಒಳಗೆ ನಡೆದು, ಎಡಕ್ಕೆ ತಿರುಗಿ, ತನ್ನ ಕೋಟನ್ನು ಒಂದು ಗೂಟಕ್ಕೆ ನೇತುಹಾಕಿದಳು.

ರೂತ್ ಎಂಬ ಟೀಚರ್ ಬಾಗಿಲಲ್ಲೇ ನಿಂತಿದ್ದರು. ವಯಸ್ಸು ಎಪ್ಪತ್ತು ದಾಟಿದ, ಗಿಡ್ಡ ಕೂದಲಿನ, ಕನ್ನಡಕವನ್ನು ಸರದಂತೆ ಕೊರಳಿಗೆ ಹಾಕಿಕೊಂಡ ಹೆಂಗಸು. ಅವರು ಅನಿಕಾಳನ್ನು ಬರಸೆಳೆದು ಅಪ್ಪಿಕೊಂಡರು, ಬಹಳ ಹೊತ್ತು ಬಿಡಲಿಲ್ಲ. ಶೋಭನಾ ತನಗೆ ಗೊತ್ತಿದ್ದ ತೊಡಕನ್ನು ಮೊದಲೇ ಹೇಳಿಬಿಡಬೇಕೆಂದುಕೊಂಡಳು.

"ನಾನು ಯಹೂದಿ ಅಲ್ಲ ರೂತ್. ತಾಯಿ ಅಲ್ಲದಿದ್ರೆ ನಿಮ್ಮ ಶಾಸ್ತ್ರದ ಪ್ರಕಾರ ಮಗಳೂ ಅಲ್ಲ ಅಂತ ಯೋಯೆಲ್ ಹೇಳ್ತಿದ್ದ."

"ಶಾಸ್ತ್ರದ ಮಾತು ದೊಡ್ಡವಳಾದ ಮೇಲೆ. ಆಗ ಅವಳೇ ಯೋಚನೆ ಮಾಡಲಿ, ಬೇಕೆಂದರೆ ಸೇರಿಕೊಳ್ಳಲು ದಾರಿ ಇದೆ," ಎಂದರು ರೂತ್. "ಈಗ ಅವಳಪ್ಪ ಕೂರುತ್ತಿದ್ದ ಬೆಂಚು ಖಾಲಿ ಇದೆ. ನೀನು ಒಳಗೆ ಬಾ, ಕಾಫಿ ಮಾಡಿಟ್ಟಿದ್ದೇನೆ."

ಹಾಗೆ ಶುರುವಾಯಿತು. ಪ್ರತಿ ಭಾನುವಾರ ಮಕ್ಕಳು ಒಳಗೆ, ಹಿರಿಯರು ಪಕ್ಕದ ಅಡುಗೆಕೋಣೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನುಗಳ ಮುಂದೆ. ಮಕ್ಕಳೆಂದರೆ ಎಷ್ಟು, ಒಂದು ಕೈಯ ಬೆರಳಿಗಿಂತ ಸ್ವಲ್ಪ ಹೆಚ್ಚು. ಗೋಡೆಯಾಚೆಯಿಂದ ಹೀಬ್ರೂ ಅಕ್ಷರಗಳ ರಾಗ ಕೇಳಿಬರುತ್ತಿತ್ತು. ಮನೆಗೆ ಮರಳುವಾಗ ಟ್ರಾಮಿನ ಮಂಜುಗಟ್ಟಿದ ಕಿಟಕಿಯ ಮೇಲೆ ಅನಿಕಾ ಬೆರಳಿನಿಂದ ಬಲದಿಂದ ಎಡಕ್ಕೆ ಅಕ್ಷರ ಬರೆಯುತ್ತಿದ್ದಳು. ಶೋಭನಾ ನೋಡುತ್ತ ಕೂರುತ್ತಿದ್ದಳು. ಅ ಆ ಇ ಈ ಕಲಿಸಲು ತಾನು ಎಷ್ಟು ಸಲ ಕೂತು ಎಷ್ಟು ಸಲ ಸೋತು ಎದ್ದಿದ್ದೆನಲ್ಲ ಎಂದು ಮನಸ್ಸು ಹುಳ್ಳಗಾಗುತ್ತಿತ್ತು. ಮಗಳ ಬಾಯಲ್ಲಿ ಕನ್ನಡವೆಂದು ಉಳಿದದ್ದು ಬಾ, ಸಾಕು, ಊಟ, ನಿದ್ದೆ. ಮತ್ತೆ ಶನಿವಾರ ಬೆಳಗಿನ ಅಕ್ಕಿರೊಟ್ಟಿ.

ಆದರೂ ಅವಳು ಆ ಅಡುಗೆಕೋಣೆಗೆ ಹೋಗುವುದನ್ನು ತಪ್ಪಿಸಲಿಲ್ಲ. ಕಾರಣ ರೂತ್. ಯೋಯೆಲ್‌ನ ತಂದೆ ತಾಯಿ ಮದುವೆಗೆ ಮುಂಚೆಯೇ ಹೋಗಿಬಿಟ್ಟಿದ್ದರು, ಒಡಹುಟ್ಟಿದವರಿರಲಿಲ್ಲ. ಅವನು ಹುಡುಗನಾಗಿದ್ದಾಗ ಹೇಗಿದ್ದ ಎಂದು ಹೇಳಬಲ್ಲವರು, ಅವಳಿಗೆ ಗೊತ್ತಿದ್ದಂತೆ, ಈ ಊರಿನಲ್ಲಿ ಅವನಿಗೂ ಪಾಠ ಹೇಳಿದ್ದ ಇವರೊಬ್ಬರೇ. ಪಾಠ ಮುಗಿದ ಮೇಲೆ ರೂತ್ ಲೋಟ ಹಿಡಿದು ಬಂದು ಕೂತರೆ ಒಂದೆರಡು ಮಾತು ಸಿಗುತ್ತಿತ್ತು. ಅವನಿಗೆ ಒಂದು ಹಲ್ಲು ಸೊಟ್ಟಗಿತ್ತು, ಆಮೇಲೆ ಸರಿ ಮಾಡಿಸಿದರು. ಪ್ರಾರ್ಥನೆಯ ನಡುವೆ ಬೇರೆಯವರನ್ನು ನಗಿಸಿ ತಾನು ಮಾತ್ರ ಪಾದ್ರಿಯಂತೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದ. ಬರಗಾಲದಲ್ಲಿ ಹನಿ ನೀರು ಹಿಡಿದಿಡುವವರಂತೆ ಶೋಭನಾ ಆ ಮಾತುಗಳನ್ನು ವಾರವಿಡೀ ಇಟ್ಟುಕೊಳ್ಳುತ್ತಿದ್ದಳು. ಲಿಂಡ್‌ಹೋಲ್ಮೆನ್‌ನ ಆಫೀಸಿಗೆ ನದಿ ದಾಟುವ ದೋಣಿಯಲ್ಲಿ ನಿಂತು, ಸೊಟ್ಟ ಹಲ್ಲಿನ ಹುಡುಗನೊಬ್ಬನನ್ನು ಕಣ್ಣೆದುರು ತಂದುಕೊಳ್ಳಲು ನೋಡುತ್ತಿದ್ದಳು. ಕೆಲವು ದಿನ ಬರುತ್ತಿದ್ದ. ಕೆಲವು ದಿನ ಬರುತ್ತಿರಲಿಲ್ಲ.

ಮಾರ್ಚ್ ಕೊನೆಗೆ ಪೆಸಾಹ್ ಹಬ್ಬದ ತಯಾರಿ ಶುರುವಾಯಿತು. ಈಜಿಪ್ಟಿನ ಗುಲಾಮಗಿರಿಯಿಂದ ಪೂರ್ವಿಕರು ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ. ಹುಳಿ ಬರಲು ಪುರಸೊತ್ತಿಲ್ಲದೆ ಅವರು ಹೊತ್ತು ತಂದ ಚಪ್ಪಟೆ ರೊಟ್ಟಿಯನ್ನು, ಮತ್ಸಾ ಎಂಬುದನ್ನು, ಇಂದಿಗೂ ಆ ವಾರ ತಿನ್ನುತ್ತಾರೆ. ಹಬ್ಬದ ಊಟಕ್ಕೆ ಕೂತಾಗ ಮಕ್ಕಳು ಎದ್ದು ನಿಂತು ಒಂದು ಪ್ರಶ್ನೆ ಕೇಳುವುದು ಪದ್ಧತಿ: ಬೇರೆಲ್ಲ ರಾತ್ರಿಗಳಿಗಿಂತ ಈ ರಾತ್ರಿ ಯಾಕೆ ಬೇರೆ? ರೂತ್‌ರ ಶಾಲೆಯಲ್ಲಿ ಅದನ್ನು ಹೀಬ್ರೂವಿನಲ್ಲಿ ಹಾಡಿದ ಮೇಲೆ, ಮಕ್ಕಳ ಮನೆಗಳಲ್ಲಿ ಯಾವ್ಯಾವ ಭಾಷೆ ಇದೆಯೋ ಅವೆಲ್ಲದರಲ್ಲೂ ಹೇಳಿಸುತ್ತಿದ್ದರು.

ಆ ಭಾನುವಾರ ಅನಿಕಾಗೆ ಶೀತವಾಗಿ ಗಂಟಲು ಕಟ್ಟಿತ್ತು. ತರಗತಿಯಲ್ಲಿ ಸುಮ್ಮನೆ ಕೂತಿದ್ದಳು. ಶೋಭನಾ ಅಡುಗೆಕೋಣೆಯಲ್ಲಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ಗೋಡೆಯಾಚೆ ಮಕ್ಕಳು ಸ್ವೀಡಿಷ್‌ನಲ್ಲಿ ಹೇಳಿದರು, ರಷ್ಯನ್‌ನಲ್ಲಿ ಹೇಳಿದರು, ಇನ್ನಾವುದೋ ಭಾಷೆಯಲ್ಲಿ ಹೇಳಿದರು. ಆಮೇಲೆ ಎಲ್ಲರೂ ಒಂದೇ ಉಸಿರಿನಲ್ಲಿ ಕೂಗಿದರು:

"ಬೇರೆ ಎಲ್ಲಾ ರೊಟ್ಟಿಗಿಂತ ಈ ರೊಟ್ಟಿ ಯಾಕೆ ಬೇರೆ?"

ಕಾಫಿ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು. ಶೋಭನಾ ನೋಡಲಿಲ್ಲ. ಮಕ್ಕಳು ಇನ್ನೊಮ್ಮೆ ಹೇಳಿದರು. 'ಬೇರೆ' ಎಂಬುದನ್ನು 'ಬೇಏರೆ' ಎಂದು ಎಳೆಯುವ ಆ ಎಳೆತ ಅವಳಿಗೆ ಗೊತ್ತಿತ್ತು. ಜಗತ್ತಿನಲ್ಲಿ ಹಾಗೆ ಕನ್ನಡ ಮಾತಾಡುತ್ತಿದ್ದವನು ಒಬ್ಬನೇ. ಅವನ ದನಿ ಆ ಪುಟ್ಟ ಬಾಯಿಗಳಲ್ಲಿ ಎದ್ದು ಕೂತಿತ್ತು. ಅವಳು ನಕ್ಕಳು, ನಗು ತಡೆಯಲಾಗದೆ ಮೇಜು ಹಿಡಿದುಕೊಂಡಳು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಸದ್ದು ಕೇಳಿ ರೂತ್ ಓಡಿಬಂದರು. "ಏನಾಯ್ತು? ತಪ್ಪು ಹೇಳಿದರಾ? ನಿನ್ನ ಭಾಷೆ ಅಲ್ಲವಾ ಅದು?"

"ನನ್ನ ಭಾಷೆಯೇ," ಎಂದಳು ಶೋಭನಾ ಕಣ್ಣೊರೆಸಿಕೊಳ್ಳುತ್ತ. "ಯಾರು ಹೇಳಿಕೊಟ್ಟದ್ದು?"

"ಯೋಯೆಲ್. ಆ ಕೊನೆಯ ಚಳಿಗಾಲದಲ್ಲಿ. ಹಬ್ಬಕ್ಕೆ ನಿನ್ನನ್ನು ಕರೆದುಕೊಂಡು ಬಂದು, ಹೇಳದೆ ಕೇಳದೆ ಕೂರಿಸಿ, ಇದನ್ನು ಕೇಳಿಸಬೇಕೆಂದಿದ್ದ. ಹಬ್ಬ ಬರುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿದ್ದ. ನಾವು ಬಿಡಲಿಲ್ಲ, ಆ ವರ್ಷವೂ ಹೇಳಿದೆವು, ಹೋದ ವರ್ಷವೂ."

ಕನ್ನಡದಲ್ಲಿ ಆ ಮಾತು ಕೇಳುವುದು ರಾತ್ರಿಯ ಬಗ್ಗೆ ಅಲ್ಲ, ರೊಟ್ಟಿಯ ಬಗ್ಗೆ ಎಂದು ಶೋಭನಾ ವಿವರಿಸಿದಳು. ರೂತ್ ಕಪಾಟಿನಲ್ಲಿದ್ದ ಮತ್ಸಾದ ಪೆಟ್ಟಿಗೆ ನೋಡಿ, ಬೆಂಚಿನ ಮೇಲೆ ಕುಸಿದು ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಅದು ರಾತ್ರಿ ಎಂಬ ಮಾತು ಅಂತಲೇ ಹೇಳಿದ ನಮಗೆ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ."

"ತಪ್ಪಿ ಹೇಳಿದನೋ, ಬೇಕಂತಲೇ ಹೇಳಿದನೋ?"

"ನನಗೆ ಹೇಗೆ ಗೊತ್ತಾಗಬೇಕು? ನೀನೇ ಹೇಳಬೇಕು," ಎಂದರು ರೂತ್.

ಶೋಭನಾಗೆ ಗೊತ್ತಾಗಲಿಲ್ಲ. ಅವನ ಕನ್ನಡ ನಿಜವಾಗಿಯೂ ಅಷ್ಟಕ್ಕಷ್ಟೇ. ಒಮ್ಮೆ ಅಕ್ಕನಿಗೆ 'ನಾನು ಊಟ' ಎಂದು ಗಂಭೀರವಾಗಿ ಪರಿಚಯ ಮಾಡಿಕೊಂಡಿದ್ದ. ಹಾಗೆಂದು ತಮಾಷೆಯನ್ನು ನೆಟ್ಟಗೆ ನಿಂತು ಮಾಡುವವನೂ ಅವನೇ. ಎದುರಿಗಿದ್ದರೆ ಒಂದೇ ಮಾತು ಕೇಳಿದರೆ ಸಾಕಿತ್ತು. ಕೇಳಲು ಅವನಿರಲಿಲ್ಲ. ಎರಡು ವರ್ಷದಿಂದ ಮಂದವಾಗುತ್ತ ಬಂದಿದ್ದ ನೋವು ಆ ಒಂದು ಪ್ರಶ್ನೆಗೆ ಮತ್ತೆ ಹಸಿಯಾಯಿತು.

ಟ್ರಾಮಿನಲ್ಲಿ ಅವಳು ಮಗಳ ಬೆನ್ನು ಹತ್ತಿದಳು.

"ಪಪ್ಪಾ ಅದನ್ನ ಹೇಳ್ಕೊಟ್ಟಾಗ ನೀನಿದ್ಯಲ್ಲಾ? ನಿಂಗೆ ರೊಟ್ಟಿ ಅಂದ್ರೆ ಗೊತ್ತಿತ್ತಲ್ಲ?"

"ಗೊತ್ತಿತ್ತು. ಮತ್ಸಾ ಬಗ್ಗೆ ಕೇಳೋದು ಅಂದ್ಕೊಂಡಿದ್ದೆ."

"ಹೇಳೋವಾಗ ಅವನು ನಿನ್ ಕಡೆ ನೋಡಿದ್ನಾ? ಕಣ್ಣು ಮಿಟುಕಿಸಿದ್ನಾ? ನಗ್ತಿದ್ನಾ?"

"ನೆನಪಿಲ್ಲ."

"ಸ್ವಲ್ಪ ಟ್ರೈ ಮಾಡು ಅನಿಕಾ. ಎಲ್ಲಿ ನಿಂತಿದ್ದ? ಏನ್ ಹಾಕ್ಕೊಂಡಿದ್ದ? ಪ್ಲೀಸ್, ನೆನಪು ಮಾಡ್ಕೋ."

"ನೆನಪಿಲ್ಲ ಅಂದ್ನಲ್ಲಮ್ಮಾ!" ಕಟ್ಟಿದ ಗಂಟಲಿನಲ್ಲೇ ಅನಿಕಾ ಕಿರುಚಿದಳು. ಎದುರು ಸೀಟಿನವರು ಕಿಟಕಿಯಾಚೆ ನೋಡಿದರು. "ನಾನು ಆಗ ಚಿಕ್ಕವಳಿದ್ದೆ. ಈಗ ಪಪ್ಪಾ ಮುಖಾನೇ ಫೋಟೋ ಥರ ಕಾಣತ್ತೆ, ಅಲ್ಲಾಡೋದೇ ಇಲ್ಲ. ಅದಕ್ಕೇ ನಾನು ಆ ಸ್ಕೂಲಿಗೆ ಹೋಗ್ಬೇಕು ಅಂದಿದ್ದು!"

ಶೋಭನಾ ತಾನೊಬ್ಬಳೇ ಹನಿ ಹನಿ ಕೂಡಿಸುತ್ತಿದ್ದೇನೆ ಎಂದುಕೊಂಡಿದ್ದಳು. ಮಗಳೂ ಅದೇ ಬಾವಿಗೆ ಬಂದಿದ್ದಳು. ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಇಳಿಯಬೇಕಾದ ನಿಲ್ದಾಣ ದಾಟಿಯೂ ಕೂತೇ ಇದ್ದಳು.

ಮಧ್ಯಾಹ್ನ ಅನಿಕಾ ಮಲಗಿದ ಮೇಲೆ ಇವ್ಲಿನ್‌ಗೆ ಫೋನ್ ಮಾಡಿದಳು. ಮಂಗಳೂರಿನ ಇವ್ಲಿನ್ ಈ ಊರಿಗೆ ಬಂದ ಹೊಸದರಲ್ಲಿ ಸಿಕ್ಕ ಗೆಳತಿ, ಈಗ ವೆಸ್ಟೆರಾಸ್‌ನಲ್ಲಿ ಎಂಜಿನಿಯರ್. ನಡೆದದ್ದನ್ನೆಲ್ಲ ಅವಳಿಗೆ ಹೇಳಿದಳು.

"ಶೋಭಾ, ಅದನ್ನ ಯೋಯೆಲ್ ಕೇಳಿದ್ದು ನನ್ನ ಹತ್ರ ಮಾರಾಯ್ತಿ. ಮರ್ತೇ ಹೋಗಿತ್ತು ನಂಗೆ. ಶೋಭನಾಗೆ ಹೇಳ್ಬೇಡ, ಸರ್ಪ್ರೈಸ್ ಅಂದಿದ್ದ. ನಾನು ರಾತ್ರಿ ಅಂತಲೇ ಹೇಳ್ಕೊಟ್ಟದ್ದು. ಎರಡು ಸಲ ಸರಿಯಾಗೇ ತಿರುಗಿ ಹೇಳಿದ."

"ಹಾಗಾದ್ರೆ ಬೇಕಂತ್ಲೇ ಮಾಡಿದ್ದು."

"ಇರ್ಬಹುದು. ಇಲ್ಲಾ ಮನೆಗೆ ಹೋಗೋಷ್ಟ್ರಲ್ಲಿ ಮರ್ತಿರ್ಬಹುದು. ಅವನಿಗೆ ನಿನ್ನ ರೊಟ್ಟಿ ಮೇಲೆ ಇದ್ದ ಪ್ರೀತಿ ರಾತ್ರಿ ಮೇಲೆ ಇರ್ಲಿಲ್ಲ ಅಲ್ವಾ," ಎಂದಳು ಇವ್ಲಿನ್. ಮತ್ತೆ ಮೆಲ್ಲಗೆ, "ಮಗೂನ ಇನ್ನು ಕೇಳ್ಬೇಡ. ನಿಂಗೆ ನೆನಪಿರೋದನ್ನ ನೀನು ಅವಳಿಗೆ ಹೇಳು. ಅವಳ ಹತ್ರ ಇಲ್ಲದ್ದನ್ನ ಎಲ್ಲಿಂದ ಕೊಡ್ತಾಳೆ ಪಾಪ."

ಅಂದಿನಿಂದ ಅವಳು ಹೇಳತೊಡಗಿದಳು. ಕೂರಿಸಿ ಹೇಳಲಿಲ್ಲ, ತಲೆ ಬಾಚುವಾಗ, ಟ್ರಾಮಿಗೆ ಕಾಯುವಾಗ, ಹಿಟ್ಟು ಕಲೆಸುವಾಗ ಹೇಳಿದಳು. ಯೋಯೆಲ್ ಬಾಣಲೆಯ ಮೇಲೆ ರೊಟ್ಟಿ ತಟ್ಟಲು ಹೋಗಿ ಬೆರಳು ಸುಟ್ಟುಕೊಂಡದ್ದು, ತುಮಕೂರಿನಲ್ಲಿ ಮದುವೆಯ ದಿನ ಪಂಚೆ ಬಿಚ್ಚಿಹೋದೀತೆಂದು ಎರಡೂ ಕೈಯಲ್ಲಿ ಸೊಂಟ ಹಿಡಿದು ನಿಂತದ್ದು. ಕನ್ನಡದಲ್ಲೇ ಹೇಳಿದಳು. ತಿಳಿಯದಿದ್ದಲ್ಲಿ ಅನಿಕಾ ತಡೆದು ಕೇಳುತ್ತಿದ್ದಳು. ಅಪ್ಪನ ಕತೆಯಾದರೆ ಅವಳಿಗೆ ಕನ್ನಡ ಬೇಸರ ಬರುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಹಬ್ಬ ಬಂತು. ಸಂಜೆ ಸಿನಗಾಗಿನ ಹಜಾರದಲ್ಲಿ ಉದ್ದನೆಯ ಮೇಜುಗಳು, ಬಿಳಿ ಹಾಸು, ತಟ್ಟೆಗಳಲ್ಲಿ ಮತ್ಸಾ. ರೂತ್ ಮೊದಲೇ ಕೇಳಿದ್ದರು: ಸರಿಯಾದ ಮಾತು ಹೇಳಿಕೊಡುತ್ತೀಯಾ, ಇನ್ನೂ ಸಮಯ ಇದೆ ಎಂದು. ಶೋಭನಾ ಒಂದು ವಾರ ಯೋಚಿಸಿದ್ದಳು. ಕೊನೆಗೆ, "ಅವನು ಕಲಿಸಿದ್ದನ್ನು ನಾನು ತಿದ್ದಲಾರೆ," ಎಂದಿದ್ದಳು.

ಮಕ್ಕಳು ಸಾಲಾಗಿ ನಿಂತರು. ಹೀಬ್ರೂ ಮುಗಿಯಿತು, ಸ್ವೀಡಿಷ್ ಮುಗಿಯಿತು. ಕನ್ನಡಕ್ಕೆ ಅನಿಕಾ ಒಂದು ಹೆಜ್ಜೆ ಮುಂದೆ ಬಂದಳು, ಉಳಿದವರು ಹಿಂದಿನಿಂದ ದನಿಗೂಡಿಸಿದರು. ಹಜಾರದ ಹಿರಿಯರು ಎಂದಿನಂತೆ ಅರ್ಥವಾಗದೆ ಮುಗುಳ್ನಕ್ಕರು. ಆಗ ರೂತ್ ಎದ್ದು, ಈ ವರ್ಷ ಇದರ ಅರ್ಥ ಹೇಳುವವರು ನಮ್ಮ ನಡುವೆ ಇದ್ದಾರೆ ಎಂದರು.

ಶೋಭನಾ ಎದ್ದು ನಿಂತಳು. "ನನ್ನ ಗಂಡ ನಿಮಗೆ ಇದು ರಾತ್ರಿಯ ಪ್ರಶ್ನೆ ಎಂದು ಹೇಳಿದ್ದ," ಎಂದಳು. "ಎರಡು ವರ್ಷದಿಂದ ನೀವು ಕೇಳುತ್ತಿರುವುದು, ಬೇರೆಲ್ಲ ರೊಟ್ಟಿಗಳಿಗಿಂತ ಈ ರೊಟ್ಟಿ ಯಾಕೆ ಬೇರೆ ಎಂದು."

ಯಾರೋ ತಮ್ಮ ಕೈಯಲ್ಲಿದ್ದ ಮತ್ಸಾ ನೋಡಿಕೊಂಡರು. ಆಮೇಲೆ ನಗು ಮೇಜಿನಿಂದ ಮೇಜಿಗೆ ಹಬ್ಬಿತು, ಮುದುಕರು ಕಣ್ಣೊರೆಸಿಕೊಂಡರು, ಅವನ ಜೊತೆ ಓದಿದ್ದ ಒಬ್ಬಾತ "ಯೋಯೆಲ್!" ಎಂದು ಅವನು ಪಕ್ಕದಲ್ಲೇ ಇದ್ದವನಂತೆ ಗದರಿದ. ಶೋಭನಾ ಆ ನಗುವಿನ ನಡುವೆ ನಿಂತಿದ್ದಳು. ಇದನ್ನು ಕೇಳಲು ಅವನಿರಬೇಕಿತ್ತು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಇಷ್ಟು ತಡವಾಗಿ ಬಂದ ನಗು, ಸಲ್ಲಬೇಕಾದವನಿಗೆ ಸಲ್ಲದೆ, ಹಜಾರದ ತುಂಬ ಸುತ್ತುತ್ತಿತ್ತು.

ಊಟ ಮುಗಿದ ಮೇಲೆ ಮಕ್ಕಳು ಹೋಗಿ ಬಾಗಿಲು ತೆರೆಯಬೇಕು. ಬರಬೇಕಾದ ಒಬ್ಬ ಪ್ರವಾದಿಗಾಗಿ ಒಂದು ಲೋಟ ತುಂಬಿಟ್ಟು, ಬಾಗಿಲು ತೆರೆದು ಕಾಯುವುದು ಅವರ ಸಂಪ್ರದಾಯ. ಎಂದೂ ಯಾರೂ ಬಂದಿಲ್ಲ, ಆದರೂ ಪ್ರತಿ ವರ್ಷ ತೆರೆಯುತ್ತೇವೆ ಎಂದು ರೂತ್ ಪಕ್ಕದಲ್ಲಿ ಪಿಸುಗುಟ್ಟಿದರು.

ಈ ಸಲ ತೆರೆದವಳು ಅನಿಕಾ. ಹೊರಗೆ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸಿತು. ಅಂಗಳದಲ್ಲಿ ಕಾವಲಿನವನು ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ, ತಿರುಗಿ ನೋಡಿ ತಲೆಬಾಗಿಸಿದ. ಉಳಿದ ಮಕ್ಕಳು ಹಾಡುತ್ತ ಮೇಜಿಗೆ ಮರಳಿದರು. ಅನಿಕಾ ಮರಳಲಿಲ್ಲ. ಬಾಗಿಲ ಹಿಡಿ ಹಿಡಿದುಕೊಂಡು ಹೊರಗೆ ನೋಡುತ್ತಲೇ ಇದ್ದಳು.

ರೂತ್ ಅವಳನ್ನು ಕರೆಯಲಿಲ್ಲ. ಶೋಭನಾ ಎದ್ದು ಹೋಗಿ ಮಗಳ ಪಕ್ಕದಲ್ಲಿ ನಿಂತಳು.

"ಚಳಿ," ಎಂದಳು ಅನಿಕಾ, ಕನ್ನಡದಲ್ಲಿ.

"ಹೂಂ."

"ಇನ್ನೂ ಸ್ವಲ್ಪ ಹೊತ್ತು?"

"ನಿಂಗೆ ಎಷ್ಟು ಹೊತ್ತು ಬೇಕೋ ಅಷ್ಟು," ಎಂದು ಶೋಭನಾ ತನ್ನ ಶಾಲನ್ನು ಇಬ್ಬರಿಗೂ ಸೇರಿಸಿ ಹೊದೆಸಿದಳು. ಹಿಂದೆ ಹಜಾರದಲ್ಲಿ ಹಾಡು ಮುಂದುವರಿಯುತ್ತಿತ್ತು.