ಅಕ್ಕನ ಹೊರೆಗಲ್ಲು

ಕೊಳ್ಳೇಗಾಲದ ದೊಡ್ಡ ರಸ್ತೆಯನ್ನು ಮೋರಿಗಾಗಿ ಅಗೆದಿದ್ದೇ ತಡ, ಹನೂರಿನ ಕಡೆ ಹೋಗುವ ಬಸ್ಸು ಲಾರಿಗಳನ್ನೆಲ್ಲ ಮುದುಕಿ ಚಿಕ್ಕನಿಂಗಮ್ಮನ ಮನೆಯಿದ್ದ ಬೀದಿಗೆ ತಿರುಗಿಸಿಬಿಟ್ಟರು. ಎತ್ತಿನ ಗಾಡಿಗೆಂದು ಆದ ಬೀದಿ ಅದು. ಕರಿಕಲ್ಲು ಹೊತ್ತ ಲಾರಿ ಹಾದರೆ ಹೆಂಚು ಜರುಗುತ್ತಿತ್ತು, ಮಣ್ಣುಗೋಡೆ ಸೀಳುತ್ತಿತ್ತು. ಅಡುಗೆಮನೆಯ ಬಿರುಕಿಗೆ ಸೊಸೆ ರಾಣಿ ಹಳೇ ಸೀರೆ ತುರುಕಿದ್ದಳು.

ಗೋಡೆ ಹೋದರೆ ಮೆತ್ತಿಕೊಳ್ಳಬಹುದು. ಚಿಕ್ಕನಿಂಗಮ್ಮನ ಜೀವವೆಲ್ಲ ತಿರುವಿನ ಹೊರೆಗಲ್ಲಿನ ಮೇಲೆ. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು. ಅವಳಕ್ಕ ಕೆಂಪಾಜಮ್ಮ ತುಂಬಿದ ಬಸುರಿನಲ್ಲೇ ತೀರಿಕೊಂಡಿದ್ದಳು. ಹೊಟ್ಟೆಯ ಹೊರೆ ಇಳಿಸದೆ ಹೋದವಳ ಹೆಸರಲ್ಲಿ ಇಂಥ ಕಲ್ಲು ನೆಡುವುದು ಅವರ ಪದ್ಧತಿ. ದಾರಿಹೋಕರು ತಲೆಹೊರೆ ಇಳಿಸಿ ಉಸ್ಸೆಂದಾಗೆಲ್ಲ ಅವಳಿಗೂ ಹಗುರವಾಗುತ್ತದಂತೆ. ಅಪ್ಪ ನೆಡಿಸಿದ್ದ. ಅಕ್ಕನದೆಂದು ಲೋಕದಲ್ಲಿ ಉಳಿದದ್ದು ಅದೊಂದೇ.

ಒಂದು ಲಾರಿ ಅದಕ್ಕೆ ಉಜ್ಜಿಕೊಂಡು ಹೋಯಿತು. ಮಾರನೆಯ ಬೆಳಿಗ್ಗೆ ಮುದುಕಿ ಕಲ್ಲಿಗೆ ಅರಿಸಿನ ಬಳಿದು, ಕುಂಕುಮವಿಟ್ಟು, ಬೇವಿನ ಸೊಪ್ಪು ಕಟ್ಟಿದಳು.

"ಇದೇನತ್ತೆ, ದೊಡ್ಡತ್ತೇನ ಮಾರವ್ವ ಮಾಡ್ಬುಟ್ರಿ!" ರಾಣಿ ನಕ್ಕಳು.

"ಮನ್ಸರಿಗೆ ಎದುರ್ದಿರೋ ಮುಂಡೇವು ದೇವ್ರಿಗಾದ್ರೂ ಎದುರ್ತವೆ, ಸುಮ್ಕಿರವ್ವ."

ಹೆದರಿದವು. ಲಾರಿಗಳು ಬಳಸಿ ಹೋಗತೊಡಗಿದವು. ಆಮೇಲೊಬ್ಬ ಡ್ರೈವರು ನಿಲ್ಲಿಸಿ ಕೈಮುಗಿದ. ಇನ್ನೊಬ್ಬ ಕಾಯಿ ಒಡೆದ. ಅಮಾವಾಸ್ಯೆ ಹೊತ್ತಿಗೆ ಎದುರುಮನೆಯ ಶಿವನಂಜಯ್ಯ ಹುಂಡಿಯಿಟ್ಟುಕೊಂಡು ಪೂಜಾರಿಯಾಗಿ ಕೂತಿದ್ದ. ತಿರುವಿನಲ್ಲಿ ಬಸ್ಸುಗಳು ಸಾಲುಗಟ್ಟಿ ನಿಂತವು.

ರಸ್ತೆ ಕೆಲಸದ ಇಂಜಿನಿಯರು ಜೆಸಿಬಿ ಸಮೇತ ಬಂದ. "ಬರೀ ಹಳೇ ಕಲ್ಲಾಗಿದ್ರೆ ಸುತ್ತ ಕಟ್ಟೆ ಕಟ್ಟಿ ಬಿಡ್ತಿದ್ವಿ. ರಸ್ತೇಲಿ ಗುಡಿ ಎಬ್ಬಿಸಿದ್ರೆ ಹೆಂಗೆ?"

"ಕಲ್ಲೇ ಕಣ್ ಸಾ!" ಚಿಕ್ಕನಿಂಗಮ್ಮ ನುಗ್ಗಿ ಬಂದಳು. "ಅರಿಸ್ನ ಬಳ್ದೋಳು ನಾನೇ. ನಮ್ಮಕ್ಕುನ್ ಕಲ್ಲು ಅದು."

"ನನ್ ಮೊಮ್ಮಗುನ್ ಜ್ವರ ಬುಡ್ಸಿದವ್ವನ್ನ ಕಲ್ಲು ಅಂತೀಯಾ ಅಕ್ಕ? ಬಾಯ್ಗೆ ಉಳ ಬಿದ್ದಾವು!" ಶಿವನಂಜಯ್ಯ ಎಗರಿದ.

"ಲೇ ಶಿವನಂಜ, ನಿಮ್ಮವ್ವ ಸೌದೆ ಇಳ್ಸಿ ಎಲಡ್ಕೆ ಆಕತಿದ್ದುದ್ದು ಇಲ್ಲೇ ಅಲ್ವೇನ್ಲಾ?"

"ಆವಾಗ ತಾಯಿ ತೋರುಸ್ಕಂಡಿರ್ನಿಲ್ಲ. ಈಗ ತೋರುಸ್ಕಂಡವ್ಳೆ."

ಇಂಜಿನಿಯರು ಸುತ್ತ ನೋಡಿದ. ಬೀದಿಗೆ ಬೀದಿಯೇ ಕೈಮುಗಿದು ನಿಂತಿತ್ತು. "ನೀವೊಬ್ರು ಕಲ್ಲಂತೀರಿ ಅಜ್ಜಿ, ಇವ್ರೆಲ್ಲ ದೇವ್ರು ಅಂತಾರಲ್ಲ? ಗುಡಿ ಅಂದ್ಮೇಲೆ ಎತ್ಲೇಬೇಕು," ಎಂದು ಜೆಸಿಬಿ ಡ್ರೈವರಿಗೆ ಸನ್ನೆ ಮಾಡಿದ. ಯಂತ್ರಕ್ಕೆ ಹೆದರಿ ಜನ ಕೈಮುಗಿದುಕೊಂಡೇ ಹಿಂದೆ ಸರಿದರು. ಎತ್ತುವಾಗ ಅಡ್ಡಗಲ್ಲು ಎರಡು ಹೋಳಾಯಿತು.

"ಒಂದು ಓಳಾದ್ರೂ ಕೊಡ್ರಪ್ಪ, ನಮ್ಮಟ್ಟಿ ಮುಂದೆ ಆಕ್ಕತೀನಿ."

"ಭಿನ್ನ ಆದ ದೇವ್ರು ಊರಲ್ಲಿರಕೂಡ್ದು ಕಣಕ್ಕ," ಎಂದ ಶಿವನಂಜಯ್ಯ. ಹೋಳುಗಳನ್ನು ಟ್ರ್ಯಾಕ್ಟರಿಗೆ ಹಾಕಿ, ತಮಟೆ ಬಡಿಯುತ್ತ ಕಾವೇರಿಗೆ ಬಿಡಲು ಹೊರಟರು. ಹಿಂದೆ ಕಾದಿದ್ದ ಲಾರಿಗಳು ಈಗ ನಿಧಾನಿಸದೆ ತಿರುವು ದಾಟಿದವು.

"ನೀವೂ ಬನ್ನಿ ಅತ್ತೆ," ರಾಣಿ ಕೈಹಿಡಿದಳು.

"ಅಕ್ಕುನ್ನ ಮಣ್ಣು ಮಾಡಕ್ಕೆ ಒಂದ್ಸಲ ಓಗಿವ್ನಿ ಕಣವ್ವ. ಇವ್ರ ದೇವ್ರನ್ನ ಮುಳುಗ್ಸಕ್ಕೆ ಇವ್ರೇ ಓಗ್ಲಿ."